ಎಕರೆ ಅಂದರೆ ಎಲ್ಲ ಕಡೆ ಒಂದೇ ಅಲ್ಲ

ಅಮೆರಿಕದ ಚೆರಿ ಕೌಂಟಿಯ ಗಡಿ ದಾಟಿ ಇಪ್ಪತ್ತು ನಿಮಿಷ ಆಗಿತ್ತು. ಎದುರಿಗೆ ಬಂದದ್ದು ಎರಡೇ ಗಾಡಿ. ಅಪ್ಪ ಅಷ್ಟೂ ಹೊತ್ತು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಆಮೇಲೆ ಕೇಳಿದರು, "ತಮ್ಮಾ, ಇಲ್ಲಿ ಮಂದಿ ಎಲ್ಲಿ ಇರ್ತಾರೋ?"

ನಾನಿರುವ ಒಮಾಹಾದಿಂದ ಬೆಳಿಗ್ಗೆ ಬೇಗ ಹೊರಟಿದ್ದೆವು. ಅಪ್ಪ ಅಥಣಿ ಕಡೆಯ ರೈತರು, ನಮ್ಮ ಮನೆಗೆ ಬಂದು ಒಂದು ತಿಂಗಳಾಗಿತ್ತು. ಮಾಲು, ದೇವಸ್ಥಾನ, ಗೆಳೆಯರ ಮನೆ ಎಲ್ಲ ಮುಗಿದಿತ್ತು. "ಹೊಲಾ ಮನಿ ಇರೋ ಕಡೆ ಕರ್ಕೊಂಡ ಹೋಗು" ಅಂದರು. ಅದಕ್ಕೇ ಐದು ತಾಸು ಪಶ್ಚಿಮಕ್ಕೆ ಕರೆದುಕೊಂಡು ಬಂದಿದ್ದೆ. ಬರುವ ಮುಂಚೆ ಸ್ವಲ್ಪ ಓದಿಕೊಂಡಿದ್ದೆ, ಹಾಗಾಗಿ ಅವರ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ ಅಂದುಕೊಂಡು ಅಂಕಿ ಹೇಳಿದೆ.

ಅಂಕಿ ಹೀಗಿದೆ. ನೆಬ್ರಾಸ್ಕಾ ರಾಜ್ಯದ ಉತ್ತರದ ಅಂಚಿನಲ್ಲಿ, ಸೌತ್ ಡಕೋಟಾಕ್ಕೆ ತಾಗಿಕೊಂಡು ಚೆರಿ ಕೌಂಟಿ ಇದೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ವಿಸ್ತಾರ ಸುಮಾರು 15,500 ಚದರ ಕಿಲೋಮೀಟರ್. ಕರ್ನಾಟಕದಲ್ಲಿ ಎಲ್ಲಕ್ಕಿಂತ ದೊಡ್ಡ ಜಿಲ್ಲೆ ನಮ್ಮ ಬೆಳಗಾವಿ, ಅದು 13,400ರ ಆಸುಪಾಸು. ಅಂದರೆ ಈ ಕೌಂಟಿ ಬೆಳಗಾವಿಗಿಂತ ದೊಡ್ಡದು, ಅಮೆರಿಕದ್ದೇ ಕನೆಕ್ಟಿಕಟ್ ರಾಜ್ಯಕ್ಕಿಂತಲೂ ದೊಡ್ಡದು. ಬೆಳಗಾವಿ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ 47 ಲಕ್ಷಕ್ಕೂ ಜಾಸ್ತಿ ಜನ. ಚೆರಿ ಕೌಂಟಿಯಲ್ಲಿ 2020ರಲ್ಲಿ 5,455 ಜನ.

ಲಕ್ಷ ಅಲ್ಲ, ಸಾವಿರ. ಅಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ನಮ್ಮ ಹಳ್ಳಿಯೊಂದರಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ನಾನು ಲೆಕ್ಕ ಹಾಕಿ ಹೇಳಿದೆ, ಹಸುಗೂಸು ಸೇರಿಸಿ ತಲೆಗೆ ಸುಮಾರು 700 ಎಕರೆ ಬೀಳುತ್ತದೆ ಅಂತ. ಹತ್ತು ಎಕರೆ ಇದ್ದವರನ್ನು ದೊಡ್ಡ ಹೊಲದವರು ಅನ್ನುವ ಊರಿನಿಂದ ಬಂದವರು ಅವರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಗಾಡಿ ನಿಲ್ಲಸು" ಅಂದರು.

ನಿಲ್ಲಿಸಿದೆ. ರಸ್ತೆ ಬದಿಯ ತಂತಿ ಬೇಲಿವರೆಗೆ ನಡೆದು ಹೋದರು. ಬೇಲಿ ಆಚೆ ಹುಲ್ಲು, ಗಾಳಿಗೆ ಅಲೆ ಅಲೆಯಾಗಿ ಬಾಗುತ್ತಿತ್ತು. ಗುಡ್ಡದ ಹಿಂದೆ ಗುಡ್ಡ, ಎಲ್ಲ ದುಂಡಗೆ, ಒಂದಕ್ಕೂ ಬಂಡೆ ಇಲ್ಲ, ಮರ ಇಲ್ಲ. ಅಪ್ಪ ಬಗ್ಗಿ ಹುಲ್ಲಿನ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಬೆರಳಿನಲ್ಲಿ ತಿಕ್ಕಿದರು. ಅದು ಸರ್ರನೆ ಸೋರಿ ಹೋಯಿತು.

"ಇದು ಮಣ್ಣಲ್ಲೋ. ಉಸುಕು."

ಹೌದು, ಉಸುಕೇ. ಈ ಪ್ರದೇಶದ ಹೆಸರೇ ಸ್ಯಾಂಡ್‌ಹಿಲ್ಸ್. ನೆಬ್ರಾಸ್ಕಾದ ಕಾಲು ಭಾಗಕ್ಕಿಂತ ಜಾಸ್ತಿ, ಸುಮಾರು 50,000 ಚದರ ಕಿಲೋಮೀಟರ್ ತುಂಬ ಹಬ್ಬಿರುವ ಮರಳ ದಿಬ್ಬಗಳು ಇವು. ಭೂಮಿಯ ಪಶ್ಚಿಮ ಗೋಳಾರ್ಧದಲ್ಲಿ ಇಷ್ಟು ದೊಡ್ಡ ಮರಳ ದಿಬ್ಬಗಳ ಸೀಮೆ ಇನ್ನೊಂದಿಲ್ಲ. ಕೆಲವು ದಿಬ್ಬಗಳು ನೂರು ಮೀಟರಿಗಿಂತ ಎತ್ತರ, ಮೈಲಿಗಟ್ಟಲೆ ಉದ್ದ. ರಾಜಸ್ಥಾನದ ಮರುಭೂಮಿಯ ಚಿತ್ರ ನೆನಪು ಮಾಡಿಕೊಳ್ಳಿ, ಅದರ ಮೇಲೆ ಒಂದು ಹಸಿರು ಚಾದರ ಹೊದಿಸಿ. ಅದೇ ಚೆರಿ ಕೌಂಟಿ. ಆ ಚಾದರ ತೀರಾ ತೆಳು. ಒಂದು ಕಡೆ ಹುಲ್ಲು ಹರಿದರೆ ಗಾಳಿ ಒಳಗೆ ನುಗ್ಗಿ ಮರಳು ಎತ್ತಿಕೊಂಡು ಹೋಗುತ್ತದೆ, ಗುಂಡಿ ದೊಡ್ಡದಾಗುತ್ತಲೇ ಹೋಗುತ್ತದೆ. ಇದಕ್ಕೆ ಅಲ್ಲಿನವರು ಬ್ಲೋಔಟ್ ಅನ್ನುತ್ತಾರೆ. ಹಳೇ ಟೈರು ಹಾಕಿ, ಒಣಹುಲ್ಲು ಹರಡಿ ಅದನ್ನು ಮುಚ್ಚಿಸಲು ನೋಡುತ್ತಾರೆ. ಸಾವಿರ ವರ್ಷದ ಹಿಂದಿನ ದೊಡ್ಡ ಬರಗಾಲದಲ್ಲಿ ಇಲ್ಲಿನ ದಿಬ್ಬಗಳು ನಿಜವಾಗಿಯೂ ಎದ್ದು ನಡೆದಾಡಿದ್ದವು ಎಂದು ಭೂವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಅಪ್ಪ ಕೇಳಿದ ಮುಂದಿನ ಪ್ರಶ್ನೆ ಯಾವ ರೈತನಾದರೂ ಕೇಳುವಂಥದ್ದು. "ಮಳಿ ಎಷ್ಟ ಆಗತೈತಿ?"

ವರ್ಷಕ್ಕೆ ಸುಮಾರು 500 ಮಿಲಿಮೀಟರ್. ಇದನ್ನು ಹೇಳುವಾಗ ನನಗೇ ಮೊದಲ ಸಲ ಹೊಳೆಯಿತು, ನಮ್ಮ ಅಥಣಿ ಕಡೆಗೂ ಹೆಚ್ಚುಕಮ್ಮಿ ಇಷ್ಟೇ ಅಲ್ವಾ! ಅಪ್ಪನಿಗೂ ಹೊಳೆದಿತ್ತು, ಅವರ ಮುಖದಲ್ಲೇ ಕಾಣುತ್ತಿತ್ತು. ಮಳೆ ಒಂದೇ. ಅಲ್ಲಿ ಕಾಲಿಟ್ಟಲ್ಲಿ ಜನ, ಇಲ್ಲಿ ಯಾರೂ ಇಲ್ಲ. ನಮ್ಮದು ಎರೆಹೊಲ. ಒಂದು ಸಲ ಹದ ಮಳೆಯಾದರೆ ನೀರು ಹಿಡಿದಿಟ್ಟುಕೊಂಡು ಬಿಳಿಜೋಳ ಬೆಳೆದು ಕೊಡುತ್ತದೆ, ಮೇಲಿನಿಂದ ಒಂದು ಹನಿ ಬೀಳದಿದ್ದರೂ. ಉಸುಕು ಹಾಗಲ್ಲ. ಬಿದ್ದ ನೀರನ್ನೆಲ್ಲ ಕೆಳಗೆ ಬಿಟ್ಟುಬಿಡುತ್ತದೆ.

ಕೆಳಗೆ ಹೋದ ನೀರು ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ಇಲ್ಲಿನ ಇನ್ನೊಂದು ವಿಸ್ಮಯ. ಈ ದಿಬ್ಬಗಳ ಅಡಿಯಲ್ಲೇ ಓಗಲಾಲಾ ಎಂಬ ದೊಡ್ಡ ಅಂತರ್ಜಲದ ಭಂಡಾರ ಇದೆ, ಎಂಟು ರಾಜ್ಯಗಳ ಕೆಳಗೆ ಹರಡಿರುವಂಥದ್ದು. ಟೆಕ್ಸಸ್, ಕಾನ್ಸಸ್ ಕಡೆ ಅದನ್ನು ಪಂಪು ಹಚ್ಚಿ ಬರಿದು ಮಾಡುತ್ತಿದ್ದಾರೆ. ಇಲ್ಲಿ ಮಾತ್ರ ಮರಳು ಸೋಸಿ ಸೋಸಿ ಅದನ್ನು ತುಂಬಿಸುತ್ತಲೇ ಇದೆ. ದಿಬ್ಬಗಳ ನಡುವಿನ ತಗ್ಗುಗಳಲ್ಲಿ ನೀರು ತಾನಾಗಿ ಮೇಲೆ ಬಂದು ಕೆರೆಯಾಗಿ ನಿಂತಿದೆ. ಒಂದು ಗಾಳಿಯಂತ್ರ ಕಂಡಿತು, ಸಣ್ಣದು, ತಗಡಿನ ರೆಕ್ಕೆಯದು. ಗಾಳಿ ಬಂದಾಗ ತಿರುಗಿ ನೀರನ್ನು ಒಂದು ದುಂಡನೆಯ ತಗಡಿನ ತೊಟ್ಟಿಗೆ ಸುರಿಯುತ್ತಿತ್ತು. ದನಗಳು ಬಂದು ಕುಡಿಯುತ್ತವೆ. ಅಪ್ಪ ಬೇಲಿಯೊಳಗಿನಿಂದ ಕೈ ಚಾಚಿ ಆ ನೀರು ಮುಟ್ಟಿದರು. ಬೋರ್‌ವೆಲ್ ಒಂದಾದ ಮೇಲೊಂದು ಕೊರೆಸಿ, ನೀರು ಸಿಗದೆ, ಆ ಸಾಲ ತೀರಿಸಿದವರು ಅವರು. ಆ ಹೊತ್ತು ಅವರೇನು ಅಂದುಕೊಂಡರು ಅಂತ ನಾನು ಕೇಳಲಿಲ್ಲ.

ಇನ್ನು ಜನರ ಕಥೆ. ಖಾಲಿ ಅನ್ನುವ ಮಾತನ್ನು ನಾನು ಹಗುರವಾಗಿ ಆಡಬಾರದು. ಇದು ಲಕೋಟಾ ಎಂಬ ಮೂಲನಿವಾಸಿ ಜನ ಕಾಡೆಮ್ಮೆ ಬೇಟೆಯಾಡುತ್ತಿದ್ದ ನೆಲ. ಉತ್ತರ ಪ್ಲಾಟ್ ನದಿಯ ಆಚೆ ಅವರು ಬೇಟೆಯಾಡಬಹುದು ಎಂದು 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಅಮೆರಿಕ ಸರಕಾರದವರು ಬರೆದುಕೊಟ್ಟಿದ್ದರು. ಹತ್ತು ವರ್ಷದೊಳಗೆ ಆ ಮಾತು ಮುರಿಯಿತು. 1880ರಲ್ಲಿ ಫೋರ್ಟ್ ನಯೊಬ್ರಾರಾ ಎಂಬ ಸೇನಾ ಠಾಣೆ ಬಂತು. ಲಕೋಟಾ ಜನರ ರೋಸ್‌ಬಡ್ ಮೀಸಲು ಪ್ರದೇಶ ಈಗಲೂ ಕೌಂಟಿಯ ಉತ್ತರ ಗಡಿಗೆ ಅಂಟಿಕೊಂಡಿದೆ, ರಾಜ್ಯದ ಗೆರೆಯ ಆಚೆ. ಕೌಂಟಿಗೆ ಹೆಸರು ಬಂದಿದ್ದು ಕೂಡ ಹಣ್ಣಿನಿಂದಲ್ಲ, ಆ ಠಾಣೆಯಲ್ಲಿದ್ದು 1881ರಲ್ಲಿ ಕೊಲೆಯಾದ ಸ್ಯಾಮ್ಯುಯೆಲ್ ಚೆರಿ ಎಂಬ ಲೆಫ್ಟಿನೆಂಟ್‌ನಿಂದ.

ಆಮೇಲೆ ಕಾನೂನು ಬಂತು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಇದ್ದು ಉಳುಮೆ ಮಾಡಿದವರಿಗೆ 160 ಎಕರೆ. ಪೂರ್ವದ ಕಪ್ಪು ಮಣ್ಣಿನಲ್ಲಿ, ಒಮಾಹಾ ಸುತ್ತಮುತ್ತ, 160 ಎಕರೆ ಒಂದು ಕುಟುಂಬಕ್ಕೆ ಧಾರಾಳವಾಗಿ ಸಾಕು. ಇಲ್ಲಿ ಸಾಲಲಿಲ್ಲ. ಆಗ ಮೋಸೆಸ್ ಕಿಂಕೇಡ್ ಎಂಬ ಸಂಸದ 1904ರಲ್ಲಿ ಇನ್ನೊಂದು ಕಾಯ್ದೆ ತಂದರು. ಪಶ್ಚಿಮ ನೆಬ್ರಾಸ್ಕಾದಲ್ಲಿ 640 ಎಕರೆ, ಅಂದರೆ ಪೂರಾ ಒಂದು ಚದರ ಮೈಲಿ. ಜನ ಮುಗಿಬಿದ್ದು ಬಂದರು. ಕೌಂಟಿಯಲ್ಲಿ 1900ರಲ್ಲಿ 6,541 ಜನ ಇದ್ದರು. 1910ಕ್ಕೆ 10,414. 1920ಕ್ಕೆ 11,753. ಅದೇ ಇಲ್ಲಿ ಜನ ಅತಿ ಹೆಚ್ಚು ಇದ್ದ ಕಾಲ. ಆಮೇಲೆ ಪ್ರತಿ ಹತ್ತು ವರ್ಷಕ್ಕೂ ಇಳಿಕೆ, ನೂರು ವರ್ಷ ಬಿಡದೆ ಇಳಿಕೆ.

ಮೊದಲು ಈ ಪಟ್ಟಿ ನೋಡಿದಾಗ ನನಗೆ ಬೇಜಾರಾಗಿತ್ತು. ಸಾಯುತ್ತಿರುವ ಊರಿನ ಕಥೆ ಅನಿಸಿತ್ತು. ಅಪ್ಪನ ಜೊತೆ ಆ ಬೇಲಿ ಹತ್ತಿರ ನಿಂತ ಮೇಲೆ ಬೇರೆ ಥರ ಕಾಣತೊಡಗಿತು. ಲೆಕ್ಕ ನೋಡಿ: ಈ ಹುಲ್ಲಿನಲ್ಲಿ ಒಂದು ಹಸು ಮತ್ತು ಅದರ ಕರು ವರ್ಷ ತೆಗೆಯಲು ಹದಿನೈದು ಎಕರೆ ಬೇಕು ಎಂದುಕೊಂಡರೂ 640 ಎಕರೆಯಲ್ಲಿ ನಲವತ್ತು ಹಸು. ನಲವತ್ತು ಕರು ಮಾರಿ ಒಂದು ಸಂಸಾರ ನಡೆಯುವುದು ಕಷ್ಟ. ಹಾಗಾಗಿ ಬಂದವರು ನೇಗಿಲು ಹಿಡಿದರು. ಹುಲ್ಲು ಕಿತ್ತರು, ಗೋವಿನಜೋಳ ಬಿತ್ತಿದರು. ಒಂದೆರಡು ವರ್ಷ ಬೆಳೆ ಬಂದಿರಬೇಕು. ಆಮೇಲೆ ಗಾಳಿ ಬಂತು, ಮರಳು ಎದ್ದಿತು. ಜನ ಪಕ್ಕದವರಿಗೆ ಜಮೀನು ಮಾರಿ ಹೊರಟರು. ಪಕ್ಕದವರ ಜಮೀನು ದೊಡ್ಡದಾಯಿತು, ಅವರ ಮಕ್ಕಳು ಹೊರಟಾಗ ಅದರ ಪಕ್ಕದವರದು ಇನ್ನೂ ದೊಡ್ಡದಾಯಿತು.

ಅಂದರೆ 1920ರ ಆ 11,753 ಈ ನೆಲ ತಾನಾಗಿ ಕರೆದ ಜನ ಅಲ್ಲ. ವಾಷಿಂಗ್ಟನ್ನಿನಲ್ಲಿ ಕಾಗದದ ಮೇಲೆ ಚೌಕ ಹಾಕಿದವರು ಕರೆದ ಜನ. ಆಮೇಲೆ ಜನ ಕಮ್ಮಿಯಾಗಿದ್ದು ನೆಲದ ಮಾತು ಕೇಳಿದ್ದಕ್ಕೆ. ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ಅವರು ಒಂದೇ ಮಾತಲ್ಲಿ ಮುಗಿಸಿದರು: "ಎಕರೆ ಅಂದ್ರ ಎಲ್ಲಾ ಕಡಿ ಒಂದ ಅಲ್ಲೋ ತಮ್ಮಾ."

ಈಗ ಇಲ್ಲಿ ಇರುವುದು ದನ. ಮಾಂಸಕ್ಕಾಗಿ ಸಾಕುವ ಹಸುಗಳ ಸಂಖ್ಯೆಯಲ್ಲಿ ಚೆರಿ ಕೌಂಟಿ ಇಡೀ ಅಮೆರಿಕದಲ್ಲೇ ಮೊದಲು ನಿಲ್ಲುತ್ತದೆ, ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಹಸುಗಳು. ಮನುಷ್ಯ ಒಬ್ಬ, ಹಸು ಮೂವತ್ತು. ವಸಂತದಲ್ಲಿ ಕರು ಹಾಕುತ್ತವೆ, ಬೇಸಿಗೆಯೆಲ್ಲ ಗುಡ್ಡದ ಮೇಲೆ ಮೇಯುತ್ತವೆ, ಚಳಿಗಾಲಕ್ಕೆ ಮುಂಚೆ ಕರುಗಳು ಸಂತೆಗೆ ಹೋಗುತ್ತವೆ. ತಗ್ಗಿನ ಹಸಿ ಜಾಗದ ಹುಲ್ಲನ್ನು ಕೊಯ್ದು ದೊಡ್ಡ ದೊಡ್ಡ ಉಂಡೆ ಕಟ್ಟಿ ಹಿಮದ ದಿನಗಳಿಗೆ ಇಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಬಣವೆ ಒಟ್ಟಿದಂತೆ. ಇದನ್ನು ಮಾಡಲು ಜನ ಜಾಸ್ತಿ ಬೇಕಿಲ್ಲ. ಬೇಕಾಗಿರುವುದು ಹುಲ್ಲು ಹರಿಯದಂತೆ ನೋಡಿಕೊಳ್ಳುವ ಕಣ್ಣು. ಯಾವ ಗುಡ್ಡದಿಂದ ದನವನ್ನು ಯಾವಾಗ ಎಬ್ಬಿಸಬೇಕು ಅನ್ನುವ ಅಂದಾಜು.

ವ್ಯಾಲೆಂಟೈನ್ ಊರಿನ ಹೊರಗೆ ಪೆಟ್ರೋಲ್ ಬಂಕಿನಲ್ಲಿ ದನ ಸಾಕುವ ಒಬ್ಬ ಹಿರಿಯ ರ‍್ಯಾಂಚರ್ ಸಿಕ್ಕರು. ಟೋಪಿ, ಕೆಸರು ಮೆತ್ತಿದ ಪಿಕಪ್ಪು, ಹಿಂದೆ ಎರಡು ನಾಯಿ. ಅಪ್ಪನ ಪಂಚೆ ನೋಡಿ ಅವರೇ ಮಾತಾಡಿಸಿದರು. ನಾನು ನಡುವೆ ನಿಂತು ಈಚೆಯಿಂದಾಚೆ ಭಾಷೆ ದಾಟಿಸಿದೆ. ಅವರಿಗೆ ಎಷ್ಟು ದನ ಇವೆ ಅಂತ ಕೇಳು ಅಂದರು ಅಪ್ಪ. ನಾನು ಕೇಳಲಿಲ್ಲ. ಈ ಕಡೆ ರ‍್ಯಾಂಚರ್‌ಗಳನ್ನು ಎಷ್ಟು ಹಸು, ಎಷ್ಟು ಎಕರೆ ಅಂತ ಕೇಳುವುದು ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ ಎಂದು ತಿಳಿಸಿದೆ. ಅಪ್ಪ ತಕ್ಷಣ ತಲೆದೂಗಿದರು. ನಮ್ಮಲ್ಲೂ ರಾಶಿ ಮಾಡುವಾಗ ಎಷ್ಟು ಚೀಲ ಆಯಿತು ಅಂತ ಯಾರೂ ಕೇಳುವುದಿಲ್ಲವಲ್ಲ. ಹಾಗಾಗಿ ಮಳೆ ಬಗ್ಗೆ ಕೇಳಿದರು. ಅದೊಂದು ವಿಷಯ ಸಾಕಾಯಿತು. ಇಬ್ಬರೂ ಆಕಾಶ ನೋಡುತ್ತ, ಕೈಯಲ್ಲಿ ಮೋಡ ತೋರಿಸುತ್ತ ಇಪ್ಪತ್ತು ನಿಮಿಷ ನಿಂತರು. ಕೊನೆಕೊನೆಗೆ ನಾನು ಬೇಕಾಗಿಯೂ ಇರಲಿಲ್ಲ.

ವ್ಯಾಲೆಂಟೈನ್ ಕೌಂಟಿಯ ಕೇಂದ್ರ. ಜನ 2,633, ಅಂದರೆ ಕೌಂಟಿಯ ಅರ್ಧದಷ್ಟು ಜನ ಈ ಒಂದೇ ಊರಲ್ಲಿ. ಆಸ್ಪತ್ರೆ, ಕೋರ್ಟು, ದನದ ಸಂತೆ, ಕಿರಾಣಿ ಎಲ್ಲ ಇಲ್ಲೇ. ಫೆಬ್ರವರಿಯಲ್ಲಿ ದೇಶದ ಎಲ್ಲೆಲ್ಲಿಂದಲೋ ಜನ ಪ್ರೇಮಿಗಳ ದಿನದ ಕಾರ್ಡುಗಳನ್ನು ಇಲ್ಲಿಗೆ ಕಳಿಸಿ, ಇಲ್ಲಿನ ಅಂಚೆ ಮುದ್ರೆ ಹಾಕಿಸಿ ಮುಂದೆ ಕಳಿಸುತ್ತಾರೆ. ಕೌಂಟಿ ಎಷ್ಟು ಅಗಲ ಅಂದರೆ ಅದರ ನಡುವೆ ಸಮಯದ ಗೆರೆ ಹಾದುಹೋಗುತ್ತದೆ. ಇಲ್ಲಿ ಹನ್ನೆರಡು ಗಂಟೆಯಾದಾಗ ಪಶ್ಚಿಮದ ತುದಿಯ ಮೆರಿಮನ್ ಊರಲ್ಲಿ ಇನ್ನೂ ಹನ್ನೊಂದು. ಮೆರಿಮನ್ ಹತ್ತಿರದ ರ‍್ಯಾಂಚಿನ ಈವಾ ಬೌರಿಂಗ್ 1954ರಲ್ಲಿ ಅಮೆರಿಕದ ಸೆನೆಟ್ಟಿಗೆ ಹೋದರು. ನೆಬ್ರಾಸ್ಕಾದಿಂದ ಹಾಗೆ ಹೋದ ಮೊದಲ ಹೆಂಗಸು ಅವರು.

ನನ್ನ ಮನಸ್ಸು ಹಿಡಿದು ನಿಲ್ಲಿಸಿದ ಊರು ಮಾತ್ರ ಕೋಡಿ. ವ್ಯಾಲೆಂಟೈನಿನಿಂದ ಪಶ್ಚಿಮಕ್ಕೆ ನಲವತ್ತು ಮೈಲಿಗೆ ಒಂಚೂರು ಕಮ್ಮಿ, ಇನ್ನೂರು ಜನವೂ ಇಲ್ಲ. ಈ ಊರಲ್ಲಿದ್ದ ಕಿರಾಣಿ ಅಂಗಡಿ ಮುಚ್ಚಿಹೋಗಿತ್ತು. ಹಾಲು ಬೇಕೆಂದರೂ ಹೋಗಿ ಬರಲು ಎಪ್ಪತ್ತು ಎಂಬತ್ತು ಮೈಲಿ. ಹಿಮ ಬಿದ್ದ ದಿನ ಅದನ್ನು ಊಹಿಸಿಕೊಳ್ಳಿ. ಆಗ ಊರಿನ ಶಾಲೆಯ ಮಕ್ಕಳು ಮುಂದೆ ಬಂದರು. ಊರವರು ಮತ್ತು ಶಾಲೆ ಸೇರಿ, ಹುಲ್ಲಿನ ಕಟ್ಟುಗಳನ್ನೇ ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಿ, 2013ರಲ್ಲಿ ಸರ್ಕಲ್ ಸಿ ಮಾರ್ಕೆಟ್ ಎಂಬ ಅಂಗಡಿ ತೆರೆದರು. ಗಲ್ಲೆಯಲ್ಲಿ ಕೂರುವುದು, ಸಾಮಾನು ತರಿಸುವುದು, ಲೆಕ್ಕ ಬರೆಯುವುದು ಮಕ್ಕಳ ಕೆಲಸ, ಅದೇ ಅವರ ಪಾಠ ಕೂಡ.

ಹುಲ್ಲಿನ ಗೋಡೆ ಹೊಸ ಪ್ರಯೋಗ ಅಲ್ಲ. ಮರ ಇಲ್ಲ, ಮಣ್ಣಿನ ಹೆಂಟೆ ಕಡಿದರೆ ಮರಳಾಗಿ ಉದುರುತ್ತದೆ, ಇಟ್ಟಿಗೆ ತರಲು ದುಡ್ಡಿಲ್ಲ. ಹಾಗಾಗಿ ನೂರು ವರ್ಷಕ್ಕೂ ಹಿಂದೆ ಇದೇ ಸ್ಯಾಂಡ್‌ಹಿಲ್ಸ್ ಜನ ಒಣಹುಲ್ಲಿನ ಕಟ್ಟುಗಳಿಂದ ಮನೆ, ಶಾಲೆ, ಚರ್ಚು ಕಟ್ಟಿಕೊಂಡರು. ಇವತ್ತು ಪರಿಸರ ಸ್ನೇಹಿ ಮನೆ ಅಂತ ಎಲ್ಲೆಲ್ಲೋ ಕಟ್ಟುವ ಹುಲ್ಲುಗೋಡೆಯ ಮೂಲ ಇಲ್ಲಿದೆ.

ಜನ ಕಮ್ಮಿಯಾಗಿದ್ದು ನೆಲದ ಮಾತು ಕೇಳಿದ್ದಕ್ಕೆ ಅಂತ ನಾನು ಮೇಲೆ ಬರೆದೆ. ಅದನ್ನು ಈಗಲೂ ನಂಬುತ್ತೇನೆ. ಆದರೆ ಕೋಡಿಯಂಥ ಊರಲ್ಲಿ ನಿಂತಾಗ ಅಷ್ಟೇ ಹೇಳಿ ಸುಮ್ಮನಾಗಲು ಮನಸ್ಸು ಬರುವುದಿಲ್ಲ. ನೆಲಕ್ಕೆ ಕಮ್ಮಿ ಜನ ಸಾಕು. ಶಾಲೆಗೆ ಸಾಲದು, ಅಂಗಡಿಗೆ ಸಾಲದು, ಬೆಂಕಿ ಬಿದ್ದಾಗ ಓಡಿ ಬರಲು ಸಾಲದು. ಹುಲ್ಲುಗಾವಲಿಗೆ ಸಿಡಿಲು ಹೊಡೆದು ಬೆಂಕಿ ಹತ್ತಿದರೆ ಆರಿಸಲು ಬರುವವರು ಅಕ್ಕಪಕ್ಕದ ರ‍್ಯಾಂಚಿನವರೇ, ಸಂಬಳ ಇಲ್ಲದವರು. ಇಂಥ ಕಡೆ ಒಂದು ಮನೆ ಖಾಲಿಯಾದರೆ ತರಗತಿಯ ಕಾಲು ಭಾಗವೇ ಖಾಲಿಯಾಗಬಹುದು. ಈ ಎರಡು ಲೆಕ್ಕ ಹೊಂದುವುದಿಲ್ಲ. ಹೇಗೆ ಹೊಂದಿಸಬೇಕು ಅನ್ನುವುದಕ್ಕೆ ಆ ಮಕ್ಕಳ ಅಂಗಡಿಗಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಮಾರನೇ ದಿನ ನಯೊಬ್ರಾರಾ ನದಿಗೆ ಹೋದೆವು. ಮರಳಿನ ಸೀಮೆಯಲ್ಲಿ ನದಿ ಆಳವಾಗಿ ಕೊರೆದುಕೊಂಡು ಹರಿಯುತ್ತದೆ, ಅದರ ದಂಡೆಯಲ್ಲಿ ಮಾತ್ರ ಕಾಡು. ಪಶ್ಚಿಮದ ಪರ್ವತಗಳ ಪೈನ್, ಉತ್ತರದ ಚಳಿ ಕಾಡಿನ ಬರ್ಚ್, ಪೂರ್ವದ ಎಲೆ ಉದುರುವ ಮರಗಳು ಎಲ್ಲ ಒಂದೇ ಕಣಿವೆಯಲ್ಲಿ. ಜನ ಗುಂಪು ಗುಂಪಾಗಿ ನೀರಿನಲ್ಲಿ ತೇಲಿಕೊಂಡು ಬರುತ್ತಿದ್ದರು, ದನ ನೀರು ಕುಡಿಯುವ ಅದೇ ದುಂಡನೆಯ ತೊಟ್ಟಿಯಲ್ಲಿ ಕೂತು! ಇದಕ್ಕೆ ಟ್ಯಾಂಕಿಂಗ್ ಅನ್ನುತ್ತಾರೆ. ಅಪ್ಪ ನೋಡಿದವರೇ, "ಹರಿಗೋಲು!" ಅಂದರು. ಥೇಟ್ ಹರಿಗೋಲೇ. ತುಂಗಭದ್ರೆಯಲ್ಲಿ ತಿರುಗುವ ಹಾಗೆಯೇ ತಿರುಗುತ್ತಿತ್ತು.

ರಾತ್ರಿ ಮೆರಿಟ್ ಜಲಾಶಯದ ಪಕ್ಕ ಉಳಿದೆವು. ಕತ್ತಲೆ ನೋಡಲು ಜನ ದೂರದಿಂದ ಬರುವ ಜಾಗ ಇದು, 1994ರಿಂದ ಪ್ರತಿ ಬೇಸಿಗೆ ಇಲ್ಲಿ ನಕ್ಷತ್ರ ನೋಡುವವರ ಮೇಳ ನಡೆಯುತ್ತದೆ. ಆಕಾಶಗಂಗೆ ಒಂದು ದಡದಿಂದ ಇನ್ನೊಂದು ದಡಕ್ಕೆ ಬಿದ್ದಿತ್ತು. ಅಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಬಹಳ ಹೊತ್ತು ನೋಡಿದರು. "ಸಣ್ಣಾವ ಇದ್ದಾಗ ಹೊಲದಾಗ ಮಕ್ಕೊಂಡ ಹಿಂಗ ನೋಡತಿದ್ದೆ. ಕರೆಂಟ ಬರೋಕ ಮೊದಲ" ಅಂದರು. ಅಷ್ಟು ವರ್ಷದಲ್ಲಿ ಈ ಮಾತು ಅವರು ನನಗೆ ಹೇಳಿರಲಿಲ್ಲ.

ವಾಪಸ್ ಬರುವಾಗ 83ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಇಳಿದೆವು. ನಾರ್ತ್ ಲೂಪ್ ನದಿಯ ಹತ್ತಿರ ರಸ್ತೆ ಪಕ್ಕ ಒಂದು ಇತಿಹಾಸದ ಫಲಕ ಇದೆ, 2016ರಲ್ಲಿ ನೆಟ್ಟಿದ್ದು. ಡಿವಿಟ್ಟಿ ಎಂಬ ಊರಿನ ನೆನಪಿಗೆ. 1907ರಿಂದ ಕಪ್ಪು ಜನಾಂಗದ ಕುಟುಂಬಗಳು ಕಿಂಕೇಡ್ ಕಾಯ್ದೆಯ 640 ಎಕರೆ ಪಡೆದು ಈ ನದಿಯುದ್ದಕ್ಕೂ ನೆಲೆಸಿದ್ದವು. ಗುಲಾಮಗಿರಿ ಮುಗಿದು ಆಗಿನ್ನೂ ನಲವತ್ತು ಚಿಲ್ಲರೆ ವರ್ಷ. ನೆಬ್ರಾಸ್ಕಾದಲ್ಲಿ ಕಪ್ಪು ರೈತರ ಅತಿ ದೊಡ್ಡ ನೆಲೆ ಇದೇ ಆಗಿತ್ತು. ಚರ್ಚು, ಶಾಲೆ, ಅಂಚೆ ಕಚೇರಿ ಎಲ್ಲ ಇತ್ತು. ಊರಿಗೆ ಮುಂದೆ ಇನ್ನೊಂದು ಹೆಸರು ಬಂತು, ಆಡೇಶಿಯಸ್. ಎದೆಗಾರಿಕೆ ಇರುವವರು ಅಂತ ಅರ್ಥ. ಅವರಿಗೂ ಅದೇ ಮರಳು, ಅದೇ ಗಾಳಿ. 1930ರ ದಶಕ ಮುಗಿಯುವಷ್ಟರಲ್ಲಿ ಊರು ಖಾಲಿ.

ನಾನು ಫಲಕದ ಅಕ್ಷರಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಸುತ್ತ ನೋಡಿದರು. ಒಂದು ಗೋಡೆ ಇಲ್ಲ, ಒಂದು ಕಲ್ಲಿಲ್ಲ, ಎಲ್ಲ ಹುಲ್ಲು. "ತಮ್ಮ ಹೊಲಾ ಅಂತ ಬಂದಿದ್ರಲ್ಲೋ ಅವರು" ಅಂದರು. ಚಪ್ಪಲಿ ಬಿಟ್ಟು ಸ್ವಲ್ಪ ದೂರ ಹುಲ್ಲಿನಲ್ಲಿ ನಡೆದು ಬಂದರು.

ಈ ಕಡೆ ಎದುರಿಗೆ ಬರುವ ಪ್ರತಿಯೊಬ್ಬ ಡ್ರೈವರ್ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಗುರುತು ಬೇಕಿಲ್ಲ, ಎದುರಾದರೆ ಸಾಕು. ಮೊದಲ ದಿನ ಅಪ್ಪ ಅದನ್ನು ಗಮನಿಸಿರಲಿಲ್ಲ. ಈಗ ದೂರದ ದಿಬ್ಬದ ಮೇಲೆ ಗಾಡಿ ಕಂಡ ಕೂಡಲೇ ನೆಟ್ಟಗೆ ಕೂತು, ಹತ್ತಿರ ಬರುವವರೆಗೆ ಕಾದು, ಪೂರ್ತಿ ಕೈ ಎತ್ತುತ್ತಿದ್ದರು. ಪಿಕಪ್ಪು, ದನದ ಲಾರಿ, ಅಂಚೆಯವರ ಕಾರು, ಯಾರನ್ನೂ ಬಿಡಲಿಲ್ಲ. ಕೌಂಟಿಯ ಗಡಿ ಬಂದಾಗ ನನ್ನ ಕಡೆ ತಿರುಗಿ, "ಹದಿನಾಲ್ಕು ಮಂದಿ" ಅಂದರು.